ಹಳೆಯ ರಿಮ್‌ಗೇ ಅಗಲದ ಟೈರ್: 205 ಬಿಟ್ಟು 195ಕ್ಕೆ ನಿಂತದ್ದು ಏಕೆ

ನನ್ನ ಕಾರು ಕಾರ್ಖಾನೆಯಿಂದ ಬಂದದ್ದು 185/65 ಆರ್15 ಅಳತೆಯ ಟೈರ್‌ಗಳೊಂದಿಗೆ. 185 ಎಂಬುದು ಮಿಲಿಮೀಟರ್‌ನಲ್ಲಿ ಟೈರ್‌ನ ಅಗಲ, 65 ಎಂಬುದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬ ಲೆಕ್ಕ, 15 ಎಂಬುದು ಇಂಚಿನಲ್ಲಿ ರಿಮ್‌ನ ವ್ಯಾಸ. ಮೈಲೇಜಿಗೆ ಹೇಳಿ ಮಾಡಿಸಿದ ಟೈರ್‌ಗಳು. ಆದರೆ ತಿರುವಿನಲ್ಲಿ ಬಹಳ ಬೇಗ ಕಿರುಚುತ್ತಿದ್ದವು. ಒದ್ದೆ ರಸ್ತೆಯಲ್ಲಿ ತುಸು ಬಿಗಿಯಾಗಿ ಬ್ರೇಕ್ ಒತ್ತಿದರೂ ಸಾಕು, ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ಕೆಲಸಕ್ಕಿಳಿಯುತ್ತಿತ್ತು. ಅವು ಸವೆದ ಮೇಲೆ ಹಿಡಿತಕ್ಕೆ ಒತ್ತು ಕೊಡುವ ಪರ್ಫಾರ್ಮೆನ್ಸ್ ಟೈರ್‌ಗಳನ್ನೇ ಹಾಕಿಸುವುದೆಂದು ನಿಶ್ಚಯಿಸಿಕೊಂಡಿದ್ದೆ. ಹೊಸ ಅಲಾಯ್ ಚಕ್ರಗಳನ್ನು ಕೊಳ್ಳುವ ಇರಾದೆ ಇರಲಿಲ್ಲ. ಇರುವ ರಿಮ್ ಮೇಲೆಯೇ ಎಷ್ಟು ಅಗಲದವರೆಗೆ ಹೋಗಬಹುದು ಎಂಬುದಷ್ಟೇ ತೀರ್ಮಾನವಾಗಬೇಕಿತ್ತು.

ಚಕ್ರ ಬಿಚ್ಚಿ ಹಿಂಬದಿಯ ಕೊಳೆ ಒರೆಸಿದೆ. 6ಜೆ×15, ಇಟಿ45 ಎಂಬ ಅಚ್ಚು ಕಾಣಿಸಿತು. ಟೈರ್ ಕೂರುವ ಎರಡು ಅಂಚುಗಳ ನಡುವಿನ ಅಗಲ 6 ಇಂಚು. ಜೆ ಎಂಬುದು ಆ ಅಂಚಿನ ಆಕಾರ. ಚಕ್ರವನ್ನು ಬಿಗಿಯುವ ಹಬ್‌ಗೆ ತಾಗುವ ಮೇಲ್ಮೈ ರಿಮ್‌ನ ನಡುಗೆರೆಯಿಂದ 45 ಮಿಲಿಮೀಟರ್ ಹೊರಬದಿಗಿದೆ ಎನ್ನುವುದು ಇಟಿ45ರ ಅರ್ಥ. ಟೈರ್ ತಯಾರಕರು ಪ್ರತಿ ಅಳತೆಗೂ ಎಷ್ಟು ಅಗಲದ ರಿಮ್ ಸಲ್ಲುತ್ತದೆ ಎಂಬ ಪಟ್ಟಿ ಕೊಡುತ್ತಾರೆ. 195/60 ಆರ್15ಕ್ಕೆ 5.5ರಿಂದ 7 ಇಂಚು, 205/60 ಆರ್15ಕ್ಕೆ 5.5ರಿಂದ 7.5 ಇಂಚು. ಅಂದರೆ ಪಟ್ಟಿಯ ಪ್ರಕಾರ ಎರಡೂ ನನ್ನ ರಿಮ್‌ಗೆ ಕೂರುತ್ತವೆ. ಅಂಗಡಿಯಲ್ಲೂ ಅದನ್ನೇ ಹೇಳಿದರು: “205 ಆರಾಮಾಗಿ ಕೂರುತ್ತದೆ ಸಾರ್.”

ಕೂರುವುದೇನೋ ಕೂರುತ್ತದೆ. ಆದರೆ ರಿಮ್ ಕಿರಿದಾದಷ್ಟೂ ಟೈರ್‌ನ ಪಕ್ಕದ ಗೋಡೆಗಳು ಬುಡದಲ್ಲಿ ಒಳಕ್ಕೆ ಎಳೆದುಕೊಳ್ಳುತ್ತವೆ. ಸ್ಟೀರಿಂಗ್ ತಿರುಗಿಸಿದಾಗ ಮೊದಲು ಆ ಗೋಡೆ ವಾಲುತ್ತದೆ, ಆಮೇಲೆ ನೆಲ ಹಿಡಿದ ಭಾಗ ತಿರುಗುತ್ತದೆ. ಚುರುಕಾದ ಸ್ಟೀರಿಂಗ್‌ಗೆಂದೇ ಹಣ ಸುರಿದು ಪರ್ಫಾರ್ಮೆನ್ಸ್ ಟೈರ್ ಕೊಂಡು, ಆ ಚುರುಕನ್ನು ರಿಮ್‌ನ ಬಾಯಲ್ಲೇ ಕಳೆದುಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಅಗಲ ಹೆಚ್ಚಿದರೆ ನೆಲಕ್ಕೆ ತಾಗುವ ಜಾಗ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಆ ಜಾಗದ ಗಾತ್ರವನ್ನು ಹೆಚ್ಚಾಗಿ ನಿರ್ಧರಿಸುವುದು ಕಾರಿನ ಭಾರ ಮತ್ತು ಟೈರ್‌ನೊಳಗಿನ ಗಾಳಿಯ ಒತ್ತಡ. ಅಗಲದ ಟೈರ್‌ನಲ್ಲಿ ಅದು ಅಡ್ಡಕ್ಕೆ ಹರಡಿ ಉದ್ದದಲ್ಲಿ ಕುಗ್ಗುತ್ತದೆ. ತಿರುವಿಗೆ ಅದು ಅನುಕೂಲ. ನಿಂತ ನೀರಿನ ಮೇಲೆ ವೇಗವಾಗಿ ಹೋಗುವಾಗ ತೊಂದರೆ, ಏಕೆಂದರೆ ಪಕ್ಕಕ್ಕೆ ತಳ್ಳಬೇಕಾದ ನೀರು ಹೆಚ್ಚು. ನನ್ನ ಮಟ್ಟಿಗೆ ಹಿಡಿತದ ಬಹುಪಾಲು ಬರುವುದು ರಬ್ಬರ್‌ನ ಗುಣದಿಂದ. ಹಾಗಾಗಿ 205ರ ಸಾಧಾರಣ ಟೈರ್‌ಗಿಂತ 195ರ ಒಳ್ಳೆಯ ಟೈರ್ ಎಂದು ಗಟ್ಟಿ ಮಾಡಿಕೊಂಡೆ.

ಇನ್ನು ಸುತ್ತಳತೆ. 185/65ರ ಒಟ್ಟು ವ್ಯಾಸ 621.5 ಮಿಲಿಮೀಟರ್. 195/60ರದು 615. ಸುಮಾರು 1 ಶೇಕಡಾ ಕಡಿಮೆ. ಸ್ಪೀಡೋಮೀಟರ್ 100 ತೋರಿಸುವಾಗ ನಿಜವಾದ ವೇಗ ಮೊದಲಿಗಿಂತ 1 ಕಿಲೋಮೀಟರ್ ಕಡಿಮೆ ಇರುತ್ತದೆ, ಕಾರು 3 ಮಿಲಿಮೀಟರ್‌ನಷ್ಟು ತಗ್ಗುತ್ತದೆ. ಇಬ್ಬರು ಹಿಂದೆ ಕೂತರೆ ಇದಕ್ಕಿಂತ ಹೆಚ್ಚು ತಗ್ಗುತ್ತದೆ. 195/65 ಹಾಕಿದ್ದರೆ ವ್ಯಾಸ 2 ಶೇಕಡಾ ಹೆಚ್ಚಿ, ಮೀಟರ್ ತೋರಿಸುವುದಕ್ಕಿಂತ ಜೋರಾಗಿ ಹೋಗುವ ದಿಕ್ಕಿಗೆ ಲೆಕ್ಕ ಜಾರುತ್ತಿತ್ತು. ಭಾರದ ಸೂಚ್ಯಂಕ ಹಳೆಯದರಲ್ಲಿ 88, ಅಂದರೆ ಒಂದು ಟೈರ್ 560 ಕಿಲೋ ಹೊರಬಲ್ಲದು. ಹೊಸದರಲ್ಲೂ 88 ಇದ್ದದ್ದನ್ನೇ ಆರಿಸಿದೆ. ಈ ಸಂಖ್ಯೆಯಲ್ಲಿ ಕೆಳಗಿಳಿಯುವ ಮಾತೇ ಇಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಜಾಗದ ಪರೀಕ್ಷೆ. ಒಂದೇ 6 ಇಂಚಿನ ರಿಮ್ ಮೇಲೆ 185ರ ಟೈರ್‌ಗಿಂತ 195ರ ಟೈರ್ ಸುಮಾರು 7 ಮಿಲಿಮೀಟರ್ ಉಬ್ಬಿರುತ್ತದೆ, 205 ಸುಮಾರು 15. ರಿಮ್ ಬದಲಾಗದ್ದರಿಂದ ಅದರಲ್ಲಿ ಅರ್ಧ ಒಳಕ್ಕೆ, ಅರ್ಧ ಹೊರಕ್ಕೆ. ಹೊರಗಿನದು ಎಲ್ಲರಿಗೂ ಕಾಣುತ್ತದೆ. ಕೈ ಕೊಡುವುದು ಒಳಗಿನದು. ಮುಂದಿನ ಚಕ್ರದ ಒಳಬದಿಯಲ್ಲಿ ಸಸ್ಪೆನ್ಷನ್‌ನ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂಡಿದ ಕಂಬ) ಇರುತ್ತದೆ, ಸ್ಪ್ರಿಂಗ್ ಕೂರುವ ತಟ್ಟೆ ಕೆಲವು ಕಾರುಗಳಲ್ಲಿ ಟೈರ್‌ಗೆ ತೀರ ಹತ್ತಿರ. ಈ ಅಳತೆಯನ್ನು ಜಾಕ್ ಮೇಲೆ ತೆಗೆಯಬಾರದು. ಚಕ್ರ ಜೋತುಬಿದ್ದಾಗ ಎಲ್ಲವೂ ದೂರ ಸರಿದಂತೆ ಕಾಣುತ್ತದೆ. ಕಾರು ನೆಲದ ಮೇಲೆ ನಿಂತಿರುವಾಗ, ಸ್ಟೀರಿಂಗ್ ಪೂರ್ತಿ ಎಡಕ್ಕೆ ಮತ್ತು ಪೂರ್ತಿ ಬಲಕ್ಕೆ ತಿರುಗಿಸಿ, ಹಳೆಯ ಟೈರ್ ಮತ್ತು ಸ್ಟ್ರಟ್ ನಡುವೆ ಎಷ್ಟು ಸಂದಿಯಿದೆ ಎಂದು ನೋಡಿದೆ. ಕೈ ಹೋಗದ ಕಡೆ ಮೆತ್ತನೆಯ ಜೇಡಿಮಣ್ಣಿನ ಉಂಡೆ ಅಂಟಿಸಿ, ಸ್ಟೀರಿಂಗ್ ತಿರುಗಿಸಿ, ಅದು ಎಷ್ಟು ತೆಳುವಾಯಿತೆಂದು ಅಳೆದೆ. ಹಿಂದಿನ ಸೀಟಿನಲ್ಲಿ ದೊಡ್ಡವರನ್ನು ಕೂರಿಸಿ, ಡಿಕ್ಕಿಯಲ್ಲಿ ಸಾಮಾನು ತುಂಬಿ, ಫೆಂಡರ್‌ನ ಒಳಮಡಿಕೆಗೂ ಟೈರ್‌ಗೂ ಇರುವ ಅಂತರ ನೋಡಿದೆ. 195ಕ್ಕೆ ಎಲ್ಲ ಕಡೆಯೂ ಧಾರಾಳ ಜಾಗವಿತ್ತು. 205 ಹಾಕಿದ್ದರೆ ಮುಂದಿನ ಮಡ್ ಫ್ಲ್ಯಾಪ್ ಬಿಚ್ಚಬೇಕಾಗುತ್ತಿತ್ತು.

ಹಾಕಿಸುವಾಗ ನಾನು ಅಂಗಡಿಯಲ್ಲೇ ನಿಂತಿದ್ದೆ. ಪಕ್ಕದ ಗೋಡೆಯ ಮೇಲಿನ ನಾಲ್ಕಂಕಿಗಳನ್ನು ಮೊದಲು ನೋಡಿದೆ. ಮೊದಲೆರಡು ತಯಾರಾದ ವಾರ, ಉಳಿದೆರಡು ವರ್ಷ. ನಾನು ಕೊಂಡದ್ದು ಒಳಬದಿ ಹೊರಬದಿ ಬೇರೆಯಿರುವ ವಿನ್ಯಾಸ. ‘ಔಟ್‌ಸೈಡ್’ ಎಂದು ಬರೆದ ಬದಿ ಹೊರಗೇ ಬರಬೇಕು. ವಾಲ್ವ್‌ಗಳನ್ನು ಬದಲಿಸಲು ಹೇಳಿದೆ. ಬ್ಯಾಲೆನ್ಸಿಂಗ್ ಆದ ಮೇಲೆ ಅಲೈನ್‌ಮೆಂಟ್ ಕೂಡ ಅಂದೇ. ನಟ್‌ಗಳನ್ನು ಗಾಳಿ ಯಂತ್ರದಲ್ಲಿ ಗಡಗಡನೆ ಬಿಗಿಯಲು ಹೊರಟವರನ್ನು ತಡೆದು, ಕೊನೆಯ ಬಿಗಿತವನ್ನು ಎಷ್ಟು ಬೇಕೋ ಅಷ್ಟೇ ಬಿಗಿಯಲು ನೆರವಾಗುವ ಟಾರ್ಕ್ ವ್ರೆಂಚ್‌ನಲ್ಲಿ ಮಾಡಿಸಿದೆ. ತುಸು ಮುಖ ಗಂಟಿಕ್ಕಿದರು, ಇರಲಿ. ಸುಮಾರು 100 ಕಿಲೋಮೀಟರ್ ಓಡಿಸಿದ ಮೇಲೆ ನಟ್‌ಗಳ ಬಿಗಿತವನ್ನು ಮನೆಯಲ್ಲೇ ಮತ್ತೊಮ್ಮೆ ಪರೀಕ್ಷಿಸಿದೆ.

ಮೊದಲ ಕೆಲವು ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಬೇಕು, ಹೊಸ ರಬ್ಬರ್‌ನ ಮೇಲ್ಪದರ ಜಾರುತ್ತದೆ. ಆ ಬಳಿಕ ಒದ್ದೆ ರಸ್ತೆಯ ಬ್ರೇಕಿಂಗ್‌ನಲ್ಲಿ ವ್ಯತ್ಯಾಸ ಸ್ಪಷ್ಟವಾಯಿತು. ಎಬಿಎಸ್ ಈಗ ನಿಜವಾಗಿ ಬೇಕಾದಾಗಷ್ಟೇ ಬರುತ್ತದೆ. ತಿರುವಿನಲ್ಲಿ ಕಿರುಚಾಟ ನಿಂತಿದೆ. ಅದಕ್ಕೆ ತೆತ್ತದ್ದೂ ಇದೆ: ಸ್ಟೀರಿಂಗ್ ನಿಂತಲ್ಲಿ ತಿರುಗಿಸಲು ತುಸು ಭಾರ, ಒರಟು ಡಾಂಬರಿನ ಮೇಲೆ ಸದ್ದು ಹೆಚ್ಚು, ಲಾರಿಗಳು ಓಡಾಡಿ ಗಾಡಿಜಾಡು ಬಿದ್ದ ರಸ್ತೆಯಲ್ಲಿ ಕಾರು ಆ ಜಾಡನ್ನೇ ಹುಡುಕಿಕೊಂಡು ಹೋಗುತ್ತದೆ. ಮೈಲೇಜ್ ಸ್ವಲ್ಪ ಇಳಿದಿದೆ.

ಗಾಳಿಯನ್ನು ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಒತ್ತಡದಿಂದ ಆರಂಭಿಸಿದೆ, ಟೈರ್ ತಣ್ಣಗಿರುವಾಗ. ಟೈರ್‌ನ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆದು ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿದರೆ ಯಾವ ಭಾಗ ನೆಲ ಮುಟ್ಟುತ್ತಿದೆ ಎಂದು ಗೊತ್ತಾಗುತ್ತದೆ. ನನ್ನಲ್ಲಿ ಗೆರೆ ಅಗಲಕ್ಕೂ ಒಂದೇ ಸಮನೆ ಅಳಿಸಿತು, ಹಾಗಾಗಿ ಒತ್ತಡ ಬದಲಿಸಲಿಲ್ಲ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚಾಗಿದೆ ಎಂದರ್ಥ. ಆಗಲೂ ಚೀಟಿಯ ಅಂಕಿಗಿಂತ ಕೆಳಗಿಳಿಸುತ್ತಿರಲಿಲ್ಲ.

ಸ್ಟೆಪ್ನಿ ಇನ್ನೂ ಹಳೆಯ 185ರದ್ದೇ. ವ್ಯಾಸದಲ್ಲಿ 6.5 ಮಿಲಿಮೀಟರ್ ವ್ಯತ್ಯಾಸವಿರುವುದರಿಂದ ಪಂಕ್ಚರ್ ಅಂಗಡಿಯವರೆಗೆ ಮಾತ್ರ ಅದರ ಕೆಲಸ. ನನ್ನದು ಮುಂದಿನ ಚಕ್ರಗಳು ಎಳೆಯುವ ಕಾರು. ಮುಂದಿನ ಟೈರ್ ಪಂಕ್ಚರ್ ಆದರೆ ಹಿಂದಿನದನ್ನು ಅಲ್ಲಿಗೆ ತಂದು ಸ್ಟೆಪ್ನಿಯನ್ನು ಹಿಂದೆ ಹಾಕುತ್ತೇನೆ, ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಸುಮ್ಮನೆ ದುಡಿಯದಿರಲಿ ಎಂದು. ಎರಡು ಸಲ ಜಾಕ್ ಏರಿಸುವ ಕೆಲಸ, ನಿಜ.