ಮೊಬೈಲ್ ಪಾಠ ಮೂರನೇ ವಾರಕ್ಕೇ ನಿಲ್ಲದಂತೆ

ಸೆಮಿಸ್ಟರ್ ಶುರುವಿನಲ್ಲಿ ಉಮೇದಿನಿಂದ ನಾಲ್ಕು ಆ್ಯಪ್ ಹಾಕಿಕೊಳ್ಳುವವರಿಗೆ ಕಲಬುರಗಿಯಲ್ಲಿ ಬರವಿಲ್ಲ. ಮೂರನೇ ವಾರಕ್ಕೆ ಒಂದನ್ನೂ ತೆರೆಯುವುದಿಲ್ಲ. ಸೋಮಾರಿತನ ಎಂದು ಬಿಡುವುದು ಸುಲಭ. ಜನ ಒಂದು ತಂತ್ರಜ್ಞಾನವನ್ನು ಯಾಕೆ ಬಳಸುತ್ತಲೇ ಇರುತ್ತಾರೆ ಎಂದು ಅಧ್ಯಯನ ಮಾಡಿದ ಸಂಶೋಧಕ ಅನೋಲ್ ಭಟ್ಟಾಚಾರ್ಜಿ 2001ರಲ್ಲಿ ಮುಂದಿಟ್ಟ ಮಾದರಿ ಬೇರೆಯೇ ಹೇಳುತ್ತದೆ: ನಂಬಿ ಬಂದದ್ದು ಸಿಕ್ಕಿತೇ, ಅದರಿಂದ ಕೆಲಸವಾಯಿತೇ ಎನ್ನುವುದರ ಮೇಲೆಯೇ ಬಳಕೆ ಮುಂದುವರಿಯುತ್ತದೆ. ಹಾಗಾಗಿ ಮೊದಲ ಹದಿನೈದು ದಿನದಲ್ಲೇ ಒಂದು ಸಣ್ಣ ಲಾಭ ಕಣ್ಣಿಗೆ ಬೀಳಬೇಕು.

ಮೊದಲು, ಹತ್ತಿರದ ಇಂಟರ್ನಲ್ಸ್‌ಗೆ ಬರುವ ಒಂದೇ ಯೂನಿಟ್ ಆರಿಸಿ. ಸಿಲಬಸ್ ನೋಡಿ ಅದರ ವಿಷಯಗಳನ್ನು ಹಾಳೆಯ ಮೇಲೆ ಬರೆದು, ಪ್ರತಿಯೊಂದರ ಎದುರು ಒಂದೇ ಒಂದು ವಿಡಿಯೊ ಗುರುತಿಸಿ. ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಆನ್‌ಲೈನ್ ಪಾಠಗಳ ಯೋಜನೆ ಎನ್‌ಪಿಟಿಇಎಲ್. ಅದರ ಕೋರ್ಸನ್ನು ಮೊದಲ ಪಾಠದಿಂದ ನೋಡುತ್ತ ಹೋದರೆ ಪದವಿ ವಿದ್ಯಾರ್ಥಿ ಸೋಲುವುದೇ ಹೆಚ್ಚು; ಎಷ್ಟೋ ಪಾಠಗಳು ನಮ್ಮ ಸಿಲಬಸ್ ದಾಟಿ ಹೋಗುತ್ತವೆ. ಶೀರ್ಷಿಕೆ ನೋಡಿ ಬೇಕಾದ್ದನ್ನಷ್ಟೇ ತೆಗೆದುಕೊಳ್ಳಿ.

ಆಮೇಲೆ ಡೇಟಾ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್‌ನಲ್ಲಿ ಉಳಿದದ್ದು ರಾತ್ರಿ 12ಕ್ಕೆ ಕಳೆದುಹೋಗುತ್ತದೆ. ಹತ್ತೂವರೆಗೆ ಒಮ್ಮೆ ನೋಡಿ, ಮಿಕ್ಕ ಡೇಟಾದಲ್ಲಿ ಮರುದಿನದ ಪಾಠ ಇಳಿಸಿಕೊಳ್ಳಿ. 360ಪಿ ಸಾಕು. ಬೋರ್ಡಿನ ಅಕ್ಷರ ಓದಲು ಆಗದಿದ್ದರಷ್ಟೇ 480ಪಿ. ಹಳ್ಳಿಯಲ್ಲಿ ಸಿಗ್ನಲ್ ಹೋದಾಗ ತಿರುಗುವ ಆ ಚಕ್ರವನ್ನು ನೋಡುತ್ತ ಕೂರುವ ಹೊತ್ತಿಗೇ ಕೈ ರೀಲ್ಸ್ ಕಡೆ ಜಾರುವುದು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ನಿಜವಾದ ಅಡ್ಡಿ ಸಿಗ್ನಲ್ ಅಲ್ಲ, ಇಂಗ್ಲಿಷ್ ಮಾತಿನ ವೇಗ. ವಿಡಿಯೊಗೆ ಮುಂಚೆ ಪಠ್ಯಪುಸ್ತಕದ ಆ ಭಾಗವನ್ನು ಹತ್ತು ನಿಮಿಷ ಓದಿ, ಹೊಸ ಪದಗಳನ್ನು ಬರೆದಿಟ್ಟುಕೊಳ್ಳಿ. ನಂತರ ವೇಗವನ್ನು 0.75ಕ್ಕೆ ಇಳಿಸಿ, ಸಬ್‌ಟೈಟಲ್ ಹಾಕಿ ನೋಡಿ. ಎನ್‌ಪಿಟಿಇಎಲ್‌ನ ಕೆಲವು ಕೋರ್ಸುಗಳ ಪಾಠ ಕನ್ನಡ ಬರಹದಲ್ಲೂ ಸಿಗುತ್ತದೆ; ಹುಡುಕಿ ನೋಡಿದರೆ ನಷ್ಟವಿಲ್ಲ.

ನೋಡಿದ್ದು ಕಲಿತಂತಲ್ಲ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ, ನೆನಪಿನಿಂದ ಬರೆದು ನೋಡಿಕೊಂಡವರು ಅವರನ್ನು ಹಿಂದೆ ಹಾಕಿದ್ದರು. ಆದ್ದರಿಂದ ವಿಡಿಯೊ ಮುಗಿದ ಕೂಡಲೇ ಫೋನ್ ಬೋರಲು ಹಾಕಿ, ಐದು ಪ್ರಶ್ನೆ ಬರೆಯಿರಿ. ಅವನ್ನೇ ಮರುದಿನ, ಮೂರನೇ ದಿನ, ಏಳನೇ ದಿನ ಉತ್ತರಿಸಿ. ಆಳಂದದಿಂದ ಕಲಬುರಗಿಗೆ ಬರುವ ಬಸ್ಸಿನಲ್ಲಿ ಮಾಡಬೇಕಾದ್ದು ಇದೇ. ಕುಲುಕುವ ಸೀಟಿನಲ್ಲಿ ಹೊಸ ವಿಡಿಯೊ ತಲೆಗೆ ಹತ್ತುವುದಿಲ್ಲ. ಹಳೆಯ ಪ್ರಶ್ನೆಗೆ ಆ ಹೊತ್ತು ಸಾಕು.

ಬೇಸಿಗೆಯಲ್ಲಿ ಇನ್ನೊಂದು ತೊಡಕು. 40 ಡಿಗ್ರಿ ದಾಟಿದ ಮಧ್ಯಾಹ್ನ ಚಾರ್ಜಿಗೆ ಹಾಕಿಕೊಂಡೇ ವಿಡಿಯೊ ನೋಡಿದರೆ ಫೋನ್ ಕಾದು, ತನ್ನಿಂದ ತಾನೇ ನಿಧಾನವಾಗುತ್ತದೆ, ಚಾರ್ಜ್ ಹತ್ತುವುದೂ ನಿಲ್ಲಬಹುದು. ಬ್ಯಾಟರಿ ಆಯುಷ್ಯಕ್ಕೂ ಪೆಟ್ಟು. ಕವರ್ ತೆಗೆದು, ಬೆಳಕು ತಗ್ಗಿಸಿ, ಹಾಸಿಗೆ ಮೇಲಿಡದೆ ಬರಿ ಬಂಡೆಯ ಮೇಲಿಡಿ. ಪಾಠವನ್ನು ಬೆಳಿಗ್ಗೆ ಆರಕ್ಕೆ ತಳ್ಳಿದರೆ ಇನ್ನೂ ಒಳ್ಳೆಯದು. ಮನೆಗೆಲ್ಲ ಒಂದೇ ಫೋನ್ ಇದ್ದರೂ ಆ ಹೊತ್ತು ನಿಮ್ಮದೇ.

ಬರೆದಿಟ್ಟ ಪ್ರಶ್ನೆಗಳನ್ನು ಒಬ್ಬರಿಗೊಬ್ಬರು ಕೇಳಿಕೊಳ್ಳಲು ಇಡೀ ತರಗತಿಯ ವಾಟ್ಸಾಪ್ ಗುಂಪು ಒದಗುವುದಿಲ್ಲ. ಮೂವರು ಸೇರಿ. ಭಾನುವಾರ ಒಬ್ಬರ ಪ್ರಶ್ನೆಗೆ ಮತ್ತೊಬ್ಬರು ಬಾಯಲ್ಲಿ ಉತ್ತರಿಸಬೇಕು.

ಪ್ರಮಾಣಪತ್ರ ಬೇಕೆನ್ನುವವರು ಲೆಕ್ಕ ತಿಳಿದಿರಲಿ. ಎನ್‌ಪಿಟಿಇಎಲ್‌ನ 12 ವಾರದ ಕೋರ್ಸಿನಲ್ಲಿ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ತೇರ್ಗಡೆಗೆ ಕ್ರಮವಾಗಿ 10 ಮತ್ತು 30 ಬೇಕು. ಅಸೈನ್‌ಮೆಂಟ್‌ಗಳಲ್ಲಿ ಲೆಕ್ಕಕ್ಕೆ ಬರುವುದು ಚೆನ್ನಾಗಿ ಮಾಡಿದ 8 ಮಾತ್ರ. ಹೊಲದ ಕೆಲಸಕ್ಕೋ ಊರ ಜಾತ್ರೆಗೋ ಎರಡು ವಾರ ತಪ್ಪಿದರೆ ಕೋರ್ಸ್ ಕೈಬಿಡಬೇಡಿ. ಬಿಟ್ಟದ್ದನ್ನು ತುಂಬಲು ಕೂರದೆ, ಈ ವಾರದ ಅಸೈನ್‌ಮೆಂಟ್‌ನಿಂದಲೇ ಶುರು ಮಾಡಿ.