ಕಾನ್ವಿ ಕೋಟೆ ನೋಡುವುದು ಹೇಗೆ: ಮೊದಲು ಊರಗೋಡೆ ಹತ್ತಿ

ಉತ್ತರ ವೇಲ್ಸ್‌ನ ಕಾನ್ವಿಗೆ ನಮ್ಮವರು ಬರುತ್ತಾರೆ, ಕೋಟೆ ಅಂಗಳದಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ, ಊಟ ಮಾಡಿ ಹೊರಟುಬಿಡುತ್ತಾರೆ. ಊರನ್ನು ಸುತ್ತುವರಿದ 1.3 ಕಿಲೋಮೀಟರ್ ಗೋಡೆಯತ್ತ ಯಾರೂ ಹೋಗುವುದಿಲ್ಲ. ನೆಂಟರನ್ನು ಕರೆದುಕೊಂಡು ಹೋದಾಗಲೆಲ್ಲ ಇದನ್ನೇ ನೋಡಿ ನನಗೆ ಬೇಜಾರಾಗಿದೆ. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ 1283ರಿಂದ 1287ರ ನಡುವೆ ಕೋಟೆ, ಗೋಡೆ ಎರಡನ್ನೂ ಒಟ್ಟಿಗೇ ಕಟ್ಟಿಸಿದ. ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗುವುದಿಲ್ಲ.

ರೈಲಿನಲ್ಲಿ ಬರುವವರು ಲ್ಯಾಂಡಡ್ನೋ ಜಂಕ್ಷನ್‌ನಲ್ಲಿ ಇಳಿದು ಸೇತುವೆ ದಾಟಿ ನಡೆದು ಬನ್ನಿ. ಕೋಟೆ ಎದುರಿಗೇ ಕಾಣುತ್ತದೆ.

ಕಾಲಿಗೆ ಹಿಡಿತವಿರುವ ಶೂ ಹಾಕಿ. ಸೀರೆ ಉಟ್ಟ ಅತ್ತೆಗೂ ಶೂನೇ, ಚಪ್ಪಲಿ ಬೇಡವೇ ಬೇಡ. ಮಳೆಗೆಂದು ತಲೆಯಿಂದ ಇಳಿಬಿಡುವ ಅಗ್ಗದ ಪ್ಲಾಸ್ಟಿಕ್ ಪಾಂಚೋ ಕೊಳ್ಳಬೇಡಿ, ಗೋಡೆಯ ಮೇಲಿನ ಗಾಳಿಗೆ ಅದು ಹಾರಿ ಮುಖಕ್ಕೇ ಸುತ್ತಿಕೊಳ್ಳುತ್ತದೆ.

ಈಗ ಗೋಡೆ. ಇದಕ್ಕೆ ಟಿಕೆಟ್ ಇಲ್ಲ. ದೋಣಿಗಳು ನಿಲ್ಲುವ ದಡದ ಕಡೆಯಿಂದ ಹತ್ತಿ. ಏರು ಜಾಸ್ತಿ, ಆದರೆ ಎಲ್ಲಕ್ಕಿಂತ ಎತ್ತರದಲ್ಲಿರುವ 13ನೇ ಬುರುಜಿನ ಹತ್ತಿರ ತಿರುಗಿದ ಕೂಡಲೇ ಊರಿನ ಚಾವಣಿಗಳು, ಕೋಟೆ, ಅದರಾಚೆ ನದಿ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ, ಅಲ್ಲಿಂದ ಮುಂದಕ್ಕೆ ಇಳಿಜಾರು, ಕೋಟೆಯನ್ನು ನೋಡುತ್ತಲೇ ಇಳಿಯಬಹುದು. ಗೋಡೆಗೆ 21 ಬುರುಜುಗಳಿವೆ. ಹೆಚ್ಚಿನವಕ್ಕೆ ಊರಿನ ಕಡೆ ಗೋಡೆಯೇ ಇಲ್ಲ, ಗಮನಿಸಿ ನೋಡಿ. ಗೋಡೆಯ ಮೇಲಿನ ದಾರಿ ಅಲ್ಲಿ ತುಂಡಾಗುತ್ತದೆ, ಆ ಸಂದಿಗೆ ಆಗ ಮರದ ಹಲಗೆ ಹಾಸಿರುತ್ತಿತ್ತು. ಶತ್ರು ಒಂದು ಕಡೆ ಹತ್ತಿ ಬಂದರೆ ಹಲಗೆ ಎಳೆದುಬಿಟ್ಟರೆ ಸಾಕು, ಅವನು ಅಲ್ಲೇ ಸಿಕ್ಕಿಹಾಕಿಕೊಂಡ! ಕೆಳಗೆ ಬಂದಮೇಲೆ ಮಿಲ್ ಗೇಟ್ ಎಂಬ ಊರಬಾಗಿಲಿನ ಕಡೆ ಗೋಡೆಯನ್ನು ಹೊರಗಿನಿಂದಲೂ ನೋಡಿ. ಸಾಲಾಗಿ 12 ಕಕ್ಕಸುಗಳು ಹೊರಗೆ ಚಾಚಿಕೊಂಡಿವೆ. ಮಕ್ಕಳಿಗೆ ಮೊದಲು ತೋರಿಸಬೇಕಾದದ್ದೇ ಅದು.

ಆಮೇಲೆ ಟಿಕೆಟ್ ಕೊಂಡು ಕೋಟೆಯೊಳಗೆ ಹೋಗಿ.

ಎಲ್ಲರೂ ಎಡವುವುದು ಬುರುಜಿನ ಸುರುಳಿ ಮೆಟ್ಟಿಲಲ್ಲಿ. ಒಂದೊಂದು ಮೆಟ್ಟಿಲೂ ನಡುಗಂಬದ ಕಡೆ ಬೆರಳಷ್ಟು ಕಿರಿದು, ಹೊರಗೋಡೆಯ ಕಡೆ ಪಾದ ಪೂರ್ತಿ ಊರುವಷ್ಟು ಅಗಲ. ಹತ್ತುವಾಗಲೂ ಇಳಿಯುವಾಗಲೂ ಅಗಲವಿರುವ ಕಡೆಯೇ ಕಾಲಿಡಿ. ಎದುರಿಗೆ ಯಾರಾದರೂ ಬಂದರೆ ಕಿರಿದಾದ ಕಡೆ ಸರಿಯಲು ಹೋಗಬೇಡಿ, ಸುಮ್ನೆ ಹಿಂದಿನ ಬಾಗಿಲವರೆಗೆ ಮರಳಿ ನಿಲ್ಲಿ, ಅವರು ದಾಟಲಿ. ಬ್ಯಾಗ್ ಎದೆಯ ಮೇಲಿರಲಿ, ಫೋನ್ ಜೇಬಿನಲ್ಲಿರಲಿ. ಇಳಿಯುವಾಗ ಮಂಡಿನೋವಿನವರ ಮುಂದೆ ನೀವು ಒಂದು ಮೆಟ್ಟಿಲು ಕೆಳಗೆ ನಡೆಯಿರಿ, ಅವರ ಕೈ ನಿಮ್ಮ ಹೆಗಲ ಮೇಲಿರಲಿ. ಮಳೆ ಬಂದಿದ್ದರೆ ದೊಡ್ಡವರನ್ನು ಅಂಗಳದಲ್ಲೇ ಕೂರಿಸಿ, ಒತ್ತಾಯ ಮಾಡಬೇಡಿ.

ಕೋಟೆಯ ಎಂಟು ಬುರುಜುಗಳಲ್ಲಿ ಒಳ ಅಂಗಳದ ನಾಲ್ಕರ ತಲೆಯ ಮೇಲೆ ಮಾತ್ರ ಪುಟ್ಟ ಕಾವಲು ಗೋಪುರಗಳಿವೆ. ಒಂದೇ ಬುರುಜು ಹತ್ತುವಷ್ಟು ಶಕ್ತಿ ಇದ್ದರೆ ಆ ನಾಲ್ಕರಲ್ಲೇ ಒಂದನ್ನು ಹತ್ತಿ. ಮೇಲೆ ನಿಂತು, ಸ್ವಲ್ಪ ಹೊತ್ತಿಗೆ ಮುಂಚೆ ನೀವು ನಡೆದು ಬಂದ ಗೋಡೆಯನ್ನು 13ನೇ ಬುರುಜಿನಿಂದ ಕೆಳಗಿನವರೆಗೆ ಬೆರಳಿಟ್ಟು ಮಕ್ಕಳಿಗೆ ತೋರಿಸಿ.