ಪಾಸ್‌ವರ್ಡ್‌ಗೆ ಗಡುವು ಹಾಕುವ ಮೊದಲು ಹಳೇ ತಾರೀಕು ನೋಡಿ

ಹಾಸನ, ಚಿಕ್ಕಮಗಳೂರು ಕಡೆಯ ಕಾಫಿ ಕ್ಯೂರಿಂಗ್ ವರ್ಕ್ಸ್, ಸಹಕಾರ ಸಂಘ, ಕಾಲೇಜು ಕಚೇರಿಗಳಲ್ಲಿ ಮೂಲೆಯಲ್ಲೊಂದು ಲಿನಕ್ಸ್ ಸರ್ವರ್ ಇದ್ದರೆ, ಆಡಿಟ್‌ನವರು ಒಂದಲ್ಲ ಒಂದು ದಿನ ‘ಪಾಸ್‌ವರ್ಡ್‌ಗೆ 90 ದಿನದ ಗಡುವು ಇರಲಿ’ ಎಂದು ಬರೆದು ಹೋಗುತ್ತಾರೆ. ಸಿಸ್ಟಂ ನೋಡಿಕೊಳ್ಳುವವರು ಸಂಜೆ ಎಲ್ಲರಿಗೂ 90 ಹಾಕಿ ಮನೆಗೆ ಹೋಗುತ್ತಾರೆ. ಬೆಳಗಾದರೆ ಅರ್ಧ ಕಚೇರಿಗೆ ಲಾಗಿನ್ ಇಲ್ಲ, ರಾತ್ರಿಯ ಬ್ಯಾಕಪ್ಪೂ ಓಡಿಲ್ಲ. ತಪ್ಪುವುದು ಲೆಕ್ಕದಲ್ಲಿ.

ಇದಕ್ಕಿರುವ ಕಮಾಂಡ್ ‘ಚೇಜ್’. ಇಂಗ್ಲಿಷ್‌ನ ಚೇಂಜ್‌ನಿಂದ ಎನ್ ಅಕ್ಷರ ತೆಗೆದು ಟೈಪ್ ಮಾಡಿ. ಅದಕ್ಕೂ ಮೊದಲು ಸುಡೊ (ಆಡಳಿತ ಅಧಿಕಾರದಲ್ಲಿ ಓಡಿಸುವ ಪದ), ಕಮಾಂಡ್ ಆದ ಮೇಲೆ ಒಂದು ಡ್ಯಾಶ್, ಅದಕ್ಕೆ ಅಂಟಿಕೊಂಡು ಆಯ್ಕೆಯ ಅಕ್ಷರ, ಕೊನೆಗೆ ಯೂಸರ್ ಹೆಸರು. ಚಿಕ್ಕ ಎಲ್ ಕೊಟ್ಟರೆ ಆ ಖಾತೆಯ ಈಗಿನ ಸ್ಥಿತಿ ಕಾಣುತ್ತದೆ. ಎಲ್ಲ ಖಾತೆಗಳದ್ದನ್ನೂ ನೋಡಿ, ಪಾಸ್‌ವರ್ಡ್ ಕೊನೆಯ ಬಾರಿ ಬದಲಾದ ತಾರೀಕನ್ನು ಬರೆದಿಟ್ಟುಕೊಳ್ಳಿ. ಪಾಸ್‌ವರ್ಡ್‌ಗಳ ದಾಖಲೆ ಇರುವ ಶ್ಯಾಡೋ ಫೈಲಿನ ಒಂದು ಪ್ರತಿ ತೆಗೆದಿಡಿ. ಕೆಲಸ ಮುಗಿಯುವವರೆಗೆ ಇನ್ನೊಂದು ವಿಂಡೋದಲ್ಲಿ ರೂಟ್ (ಸಿಸ್ಟಂನ ಮುಖ್ಯ ಆಡಳಿತ ಖಾತೆ) ಲಾಗಿನ್ ತೆರೆದೇ ಇರಲಿ.

ಈಗ ಎಲ್ಲರೂ ಎಡವುವ ಜಾಗ. ಗಡುವಿನ ಎಣಿಕೆ ನೀವು ಕಮಾಂಡ್ ಕೊಟ್ಟ ದಿನದಿಂದ ಶುರುವಾಗುವುದಿಲ್ಲ, ಪಾಸ್‌ವರ್ಡ್ ಕೊನೆಯ ಬಾರಿ ಬದಲಾದ ದಿನದಿಂದ ಶುರುವಾಗುತ್ತದೆ. ಶ್ಯಾಡೋ ಫೈಲಿನ ಮೂರನೇ ಅಂಕಣದಲ್ಲಿ ಆ ದಿನ, 1970ರ ಜನವರಿ 1ರಿಂದ ಎಷ್ಟನೇ ದಿನ ಎಂಬ ಸಂಖ್ಯೆಯಾಗಿ ಕೂತಿರುತ್ತದೆ. ಜೂನ್ 1ರಂದು ಪಾಸ್‌ವರ್ಡ್ ಬದಲಾಯಿಸಿದವರಿಗೆ ಡಿಸೆಂಬರ್ 1ರಂದು 90 ಹಾಕಿದರೆ, ಅವರ ಗಡುವು ಆಗಸ್ಟ್ 30ಕ್ಕೇ ಮುಗಿದಿದೆ ಎಂದು ಸಿಸ್ಟಂ ತಿಳಿಯುತ್ತದೆ. ಅಷ್ಟೇ ಆದರೆ ‘ಹೊಸದು ಕೊಡಿ’ ಎಂದು ಕೇಳೀತು. ಆದರೆ ಗಡುವು ಮೀರಿದ ಮೇಲಿನ ರಿಯಾಯಿತಿಯನ್ನೂ (ದೊಡ್ಡ ಐ) 14 ಎಂದು ಹಾಕಿದ್ದರೆ ಸೆಪ್ಟೆಂಬರ್ 13ಕ್ಕೇ ಬಾಗಿಲು ಮುಚ್ಚಿದೆ. ಹೊಸ ಪಾಸ್‌ವರ್ಡ್ ಕೇಳುವ ಮಾತೇ ಬರುವುದಿಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಚಿಕ್ಕ ಡಿ (ಕೊನೆಯ ಬದಲಾವಣೆಯ ತಾರೀಕು ತಿದ್ದುವ ಆಯ್ಕೆ) ಜೊತೆ ಇವತ್ತಿನ ತಾರೀಕನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಕೊಡಿ. ಆಮೇಲೆ ಗಡುವಿಗೆ ದೊಡ್ಡ ಎಂ 90, ಮುನ್ಸೂಚನೆಗೆ ದೊಡ್ಡ ಡಬ್ಲ್ಯು 14. ದೊಡ್ಡ ಐ ಅನ್ನು ಒಂದು ಸುತ್ತು ಮುಗಿದು ಎಲ್ಲರೂ ಬದಲಾಯಿಸಿದ ಮೇಲೆ ಮಾತ್ರ ಹಾಕಿ. ತಾರೀಕು ತಿದ್ದಿದ್ದನ್ನು ರಿಜಿಸ್ಟರಿನಲ್ಲಿ ಕಾರಣಸಮೇತ ಬರೆಯಿರಿ, ಇಲ್ಲದಿದ್ದರೆ ಮುಂದಿನ ಆಡಿಟ್‌ನಲ್ಲಿ ಅದೇ ಆಕ್ಷೇಪಣೆಯಾಗುತ್ತದೆ. ಎಲ್ಲರಿಗೂ ಒಂದೇ ದಿನ ಮಾಡಬೇಡಿ. ವಿಭಾಗಕ್ಕೊಂದು ವಾರ ಅಂತರವಿಡಿ. ಲೆಕ್ಕಪತ್ರ ವಿಭಾಗದ ಗಡುವು ಮಾರ್ಚ್ ಕೊನೆಯ ವಾರಕ್ಕೆ ಬರಲೇಬಾರದು.

ದೊಡ್ಡ ಎಂ ಬದಲು ಚಿಕ್ಕ ಎಂ ಒತ್ತಿದರೆ ಅರ್ಥ ತಿರುಗುಮುರುಗು: 90 ದಿನ ಯಾರೂ ತಮ್ಮ ಪಾಸ್‌ವರ್ಡ್ ಬದಲಾಯಿಸುವಂತಿಲ್ಲ, ಅದು ಸೋರಿಹೋಗಿದ್ದರೂ ಸರಿ. ಚಿಕ್ಕ ಎಂಗೆ 1 ಸಾಕು.

ಖಾತೆಗಳ ಮೂಲ ನಿಯಮ ಇರುವ ಲಾಗಿನ್ ಡೆಫ್ಸ್ ಫೈಲಿನಲ್ಲಿ ಗಡುವು 99999 ಇದ್ದದ್ದನ್ನು 90 ಮಾಡಿ ಕೆಲಸ ಮುಗಿಯಿತು ಎಂದುಕೊಳ್ಳುವವರು ಬಹಳ. ಅದು ಇನ್ನು ಮುಂದೆ ಸೃಷ್ಟಿಸುವ ಖಾತೆಗಳಿಗೆ ಮಾತ್ರ. ಇಂಟರ್‌ನೆಟ್ಟಿನಲ್ಲಿ ಸಿಗುವ ‘ಎಲ್ಲ ಯೂಸರ್‌ಗೂ ಒಂದೇ ಸಲ’ ಎಂಬ ಸ್ಕ್ರಿಪ್ಟುಗಳನ್ನು ಮುಟ್ಟಲೇಬೇಡಿ. ಅವುಗಳಲ್ಲಿ ಎಷ್ಟೋ ರೂಟ್ ಅನ್ನೂ ಬಿಡುವುದಿಲ್ಲ, ಬ್ಯಾಕಪ್ ಖಾತೆಯನ್ನೂ ಬಿಡುವುದಿಲ್ಲ. ಬ್ಯಾಕಪ್ ಖಾತೆಯ ಪಾಸ್‌ವರ್ಡ್ ಗಡುವು ಮೀರಿದರೆ ಕ್ರಾನ್ ಕೆಲಸಗಳು (ನಿಗದಿತ ಹೊತ್ತಿಗೆ ತಾವಾಗಿ ಓಡುವವು) ನಿಲ್ಲುತ್ತವೆ, ಪಾಸ್‌ವರ್ಡ್ ಬದಲು ಕೀಲಿ ಫೈಲಿನಿಂದ ಓಡುವ ನಕಲು ಕೆಲಸವೂ ನಿಲ್ಲುತ್ತದೆ. ಹೊಸ ಪಾಸ್‌ವರ್ಡ್ ಕೊಡಲು ಅಲ್ಲಿ ಯಾರೂ ಕೂತಿರುವುದಿಲ್ಲ. ಅಂಥ ಖಾತೆಗಳಿಗೆ ದೊಡ್ಡ ಎಂ ಮೈನಸ್ 1 ಕೊಟ್ಟು ಗಡುವನ್ನೇ ತೆಗೆಯಿರಿ.

ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ತೊಂದರೆಯಿದೆ. ಹಳೇ ಯಂತ್ರದ ಮದರ್‌ಬೋರ್ಡಿನ ಸಿಆರ್ 2032 ನಾಣ್ಯ ಸೆಲ್ ಸತ್ತಿದ್ದರೆ, ಕರೆಂಟು ಹೋಗಿ ಬಂದಾಗ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಆಗ ಬದಲಾಯಿಸಿದ ಪಾಸ್‌ವರ್ಡ್‌ಗೆ ಹಳೇ ತಾರೀಕೇ ದಾಖಲಾಗುತ್ತದೆ. ಇಂಟರ್‌ನೆಟ್ ಬಂದು ಸಮಯ ಸರಿಯಾದ ಕ್ಷಣವೇ ಅದರ ಗಡುವು ಮೀರಿರುತ್ತದೆ. ಸೆಲ್ ಮೊದಲು ಬದಲಾಯಿಸಿ.

ನಿಜ ಹೇಳಬೇಕೆಂದರೆ, ಸುಮ್ಮನೆ ಪದೇ ಪದೇ ಪಾಸ್‌ವರ್ಡ್ ಬದಲಾಯಿಸುವುದರಿಂದ ಬರುವ ಭದ್ರತೆ ಕಡಿಮೆ. ಜನ ಹಳೆಯದರ ಕೊನೆಗೆ ಒಂದು ಅಂಕಿ ಸೇರಿಸುತ್ತಾರೆ. ಸೋರಿದ ಸುಳಿವಿಲ್ಲದೆ ಬದಲಾಯಿಸಲು ಒತ್ತಾಯಿಸಬೇಡಿ ಎಂದು ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ವಿಂಡೋಸ್ ಭದ್ರತಾ ಶಿಫಾರಸಿನಿಂದ ಈ ಗಡುವನ್ನು ಕೈಬಿಟ್ಟಿತು. ಆಡಿಟ್‌ನವರು 30 ದಿನ ಕೇಳಿದರೆ ಇದನ್ನು ತೋರಿಸಿ ವಾದಿಸಿ.

ನಿಮ್ಮ ಶ್ರಮವೆಲ್ಲ ದೊಡ್ಡ ಇ ಮೇಲಿರಲಿ. ಅದು ಖಾತೆಯನ್ನೇ ಮುಚ್ಚುವ ತಾರೀಕು. ಕೊಯ್ಲಿನ ಕಾಲಕ್ಕೆಂದು ಸೇರಿದ ಗುಮಾಸ್ತರ ಕೆಲಸ ಮಾರ್ಚ್ 31ಕ್ಕೆ ಮುಗಿಯುವುದಾದರೆ ಖಾತೆ ತೆರೆದ ದಿನವೇ ಏಪ್ರಿಲ್ 1 ಎಂದು ಹಾಕಿ. ಕೊಟ್ಟ ತಾರೀಕಿನಂದು ಪ್ರವೇಶ ಇರುವುದಿಲ್ಲ. ಇದ್ದಕ್ಕಿದ್ದಂತೆ ಬಿಟ್ಟುಹೋದವರ ಪಾಸ್‌ವರ್ಡ್ ಮಾತ್ರ ಲಾಕ್ ಮಾಡಿದರೆ ಸಾಲದು, ಎಸ್‌ಎಸ್‌ಎಚ್ ಕೀಲಿ (ದೂರದಿಂದ ಪಾಸ್‌ವರ್ಡ್ ಇಲ್ಲದೆ ಲಾಗಿನ್ ಆಗುವ ಫೈಲು) ಇದ್ದವರು ಆಗಲೂ ಒಳಗೆ ಬರುತ್ತಾರೆ. ದೊಡ್ಡ ಇ 1 ಕೊಡಿ, ಖಾತೆ 1970ರ ಜನವರಿ 2ಕ್ಕೇ ಮುಗಿದಂತೆ. 0 ಬೇಡ, ಅದನ್ನು ‘ಗಡುವೇ ಇಲ್ಲ’ ಎಂದೂ ಓದಬಹುದು.

ಅದೇ ಗುಮಾಸ್ತರು ಮುಂದಿನ ಕೊಯ್ಲಿಗೆ ಮರಳಿದರೆ ದೊಡ್ಡ ಇಗೆ ಹೊಸ ತಾರೀಕು ಕೊಟ್ಟು, ತಾತ್ಕಾಲಿಕ ಪಾಸ್‌ವರ್ಡ್ ಇಟ್ಟು, ಚಿಕ್ಕ ಡಿ 0 ಹಾಕಿ. ಮೊದಲ ಲಾಗಿನ್‌ನಲ್ಲೇ ಅವರು ತಮ್ಮದೇ ಪಾಸ್‌ವರ್ಡ್ ಇಟ್ಟುಕೊಳ್ಳಬೇಕಾಗುತ್ತದೆ.